ಗೋಡೆ ಬೀಗರು

ನಮ್ಮೂರಿನಲ್ಲಿ ಗೋಡೆಗೆ ಉಳಿ ಹಚ್ಚುವ ಮೊದಲು ಡಂಗುರ ಸಾರಿಸಬೇಕು. ಇಂಥ ದಿನ ಇಂಥವರ ಮನೆಯ ಇಂಥ ಗೋಡೆಯನ್ನು ಕೊರೆಯುತ್ತಾರೆ ಎಂದು ಸಾರಿದ ಮೇಲೆ ಊರವರೆಲ್ಲ ತಮ್ಮ ತಮ್ಮ ಗೋಡೆಗಳಿಗೆ ಗೇಣಗಲದ ಸುಣ್ಣದ ಪಟ್ಟಿ ಬಳಿದು, ಒಣಗಲು ಬಿಟ್ಟು, ಕಾಯುತ್ತಾರೆ. ಏಕೆಂದರೆ ನಮ್ಮಲ್ಲಿ ಕೊರೆದ ಗೋಡೆಗೆ ಏನೂ ಆಗುವುದಿಲ್ಲ. ಅದರ ಶಕ್ತಿ ಕುಂದಿದ್ದು ಬೇರೆ ಯಾರದೋ ಮನೆಯ ಗೋಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ನೀವು ನಲ್ಲಿಯ ಪೈಪು ಕೂರಿಸಲು ಬಚ್ಚಲ ಗೋಡೆ ಕೊರೆದರೆ ಎರಡು ಓಣಿಯಾಚೆ ಊಟಕ್ಕೆ ಕೂತವರ ಬೆನ್ನ ಹಿಂದೆ ಸುಣ್ಣದ ಪಟ್ಟಿ ಬಿರಿಯುತ್ತದೆ. ಯಾರ ಮನೆಯದು ಬಿರಿಯಿತೋ ಅವರು ಅಂದಿನಿಂದ ನಿಮಗೆ ಗೋಡೆ ಬೀಗರು.

ಜೋಡಿ ಒಮ್ಮೆ ಗೊತ್ತಾಯಿತೆಂದರೆ ಮುಗಿಯಿತು, ಆ ಗೋಡೆಗಳು ನಿಂತಿರುವ ತನಕ ಬಿಡುವ ಹಾಗಿಲ್ಲ. ಇತ್ತ ಕೊರೆದರೆ ಅತ್ತ, ಅತ್ತ ಕೊರೆದರೆ ಇತ್ತ. ಹೀಗಾಗಿ ಗೋಡೆ ಬೀಗರನ್ನು ಕೇಳದೆ ಯಾರೂ ಒಂದು ಮೊಳೆಯನ್ನೂ ಹೊಡೆಯುವುದಿಲ್ಲ. ಪಂಚಮಿಯ ಉಂಡಿ ಮೊದಲು ಹೋಗುವುದು ಅವರ ಮನೆಗೆ. ಮದುವೆಯಲ್ಲಿ ಹೆಣ್ಣು ಕೊಟ್ಟ ಬೀಗರಿಗಿಂತ ಗೋಡೆ ಬೀಗರ ಉಪಚಾರವೇ ಒಂದು ಕೈ ಹೆಚ್ಚು. ಹಾಗೆಂದು ಜಗಳವಿಲ್ಲ ಎಂದಲ್ಲ. ಪೇಟೆ ಓಣಿಯ ಮಾಸ್ತರರು ಹೇಳದೆ ಕೇಳದೆ ಗಡಿಯಾರ ನೇತುಹಾಕಿ, ಅವರ ಬೀಗತಿಯ ಉಪ್ಪಿನಕಾಯಿ ಭರಣಿ ಗೂಡಿನಿಂದ ಬಿದ್ದು ಹನ್ನೊಂದು ವರ್ಷವಾಯಿತು; ಇಬ್ಬರೂ ಸಂತೆಯಲ್ಲಿ ಎದುರಾದರೆ ಇವತ್ತಿಗೂ ಆ ಭರಣಿ ಒಡೆಯುತ್ತದೆ. ಕೇಳಿದವರು ನಗುತ್ತಾರೆ. ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಜಗಳವಾಡುವುದಕ್ಕಾದರೂ ಅವರಿಗೆ ಒಬ್ಬರು ಇದ್ದಾರಲ್ಲ!

ನನಗೆ ಯಾರೂ ಇರಲಿಲ್ಲ. ನಾನು ಇಂದ್ರವ್ವ, ಊರ ಹೆಬ್ಬಾಗಿಲು ಅಗಸಿಯ ಹತ್ತಿರದ ಹಿಟ್ಟಿನ ಗಿರಣಿಯವಳು. ಇಪ್ಪತ್ತೆರಡು ವರ್ಷದ ಹಿಂದೆ ದೊಡ್ಡವ್ವನಿಗೆ ಜೊತೆಯಾಗಿರಲು ಬಂದೆ. ದೊಡ್ಡವ್ವ ತೀರಿಕೊಂಡಳು, ಗಿರಣಿ ಉಳಿಯಿತು, ನಾನೂ ಉಳಿದೆ. ದಿನಕ್ಕೆ ಐವತ್ತು ಜನ ಡಬ್ಬಿ ತಂದು ಇಟ್ಟು ಹೋಗುತ್ತಾರೆ. ಜೋಳ ಸಣ್ಣಗೆ ಬೇಕೋ ಗೋದಿ ದಪ್ಪಗೆ ಬೇಕೋ ಎಂಬುದರಾಚೆ ಯಾರೊಬ್ಬರೂ ನನ್ನೊಂದಿಗೆ ಮಾತು ಬೆಳೆಸಿದ್ದಿಲ್ಲ. ನನ್ನ ನಾಲಿಗೆ ಸ್ವಲ್ಪ ಖಾರ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಖಾರದ ನಾಲಿಗೆಯವರಿಗೂ ಊರಲ್ಲಿ ಗೋಡೆ ಬೀಗರಿದ್ದರು. ನಮ್ಮ ಗಿರಣಿ ಮೊದಲಿನಿಂದ ಡೀಸೆಲ್ ಎಂಜಿನ್ನಿನದು, ದೀಪದ ತಂತಿ ಮಾಳಿಗೆಯ ಜಂತಿಗಳ ಗುಂಟ ಹಾದುಹೋಗಿತ್ತು. ಕಟ್ಟಿದ ದಿನದಿಂದ ಆ ಮನೆಯ ಗೋಡೆಗೆ ಒಂದು ಉಳಿಯೂ ತಾಗಿರಲಿಲ್ಲ. ಹಾಗಾಗಿ ಅದರ ಜೋಡಿ ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಎಂಜಿನ್ ಪೂರ್ತಿ ಕೈಕೊಟ್ಟಾಗ ಊರವರೆಲ್ಲ ಅಯ್ಯೋ ಎಂದರು. ನಾನು ಒಳಗೊಳಗೇ ಹಿಗ್ಗಿದೆ. ಕರೆಂಟಿನ ಮೋಟರು ತಂದರೆ ದಪ್ಪ ಕೇಬಲ್ಲು ಎಳೆಯಬೇಕು, ಕೇಬಲ್ಲು ಎಳೆಯಬೇಕೆಂದರೆ ಗೋಡೆ ಕೊರೆಯಲೇಬೇಕು.

ಗೌಂಡಿ ಲಾಲಸಾಬ ಕಾಕಾ ಬಂದು ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಊರಿನ ಅರ್ಧ ಗೋಡೆಗಳನ್ನು ಕಟ್ಟಿದವನು ಅವನು, ಉಳಿದರ್ಧ ಅವನ ತಂದೆ ಕಟ್ಟಿದ್ದು. "ಒಂಬತ್ತು ಇಂಚಿನ ಗ್ವಾಡಿ. ಮ್ಯಾಲ ಮಣ್ಣಿನ ಮಾಳಿಗಿ. ಅಷ್ಟೂ ಭಾರ ಇದರ ಮ್ಯಾಲ ಐತಿ," ಎಂದ. "ಕೇಬಲ್ಲಿನ ಪೈಪು ಮ್ಯಾಲಿಂದ ನೆಟ್ಟಗ ಕೆಳಗ ಇಳಿಸೂಣು. ಜಂತಿಗುಂಟ ಬಂದು ಮೋಟರ್ ಹತ್ರ ಇಳೀತೈತಿ."

ನೆಟ್ಟಗೆ ಇಳಿಸಿದರೆ ಎಲ್ಲೋ ಒಂದು ಮನೆಯ ಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು ಬರುತ್ತದೆ. ಕೆಲವರು ಅದನ್ನು ನೋಡಿಯೂ ನೋಡದ ಹಾಗೆ ಮೇಲೊಂದು ಕೈ ಸುಣ್ಣ ಬಳಿದು ಸುಮ್ಮನಾಗಿಬಿಡುತ್ತಾರೆ. ಅದೂ ಖಾರದ ನಾಲಿಗೆಯ ಗಿರಣಿಯವಳ ಬೀಗತನ ಬೇಡವೆನ್ನುವವರಾದರೆ ಕೇಳುವುದೇ ಬೇಡ. ಯಾರೂ ಮುಚ್ಚಿಡಲಾಗದಂಥ ಬಿರುಕು ನನಗೆ ಬೇಕಿತ್ತು.

"ಅಡ್ಡ ಹಾಕ್ರಿ ಕಾಕಾ," ಎಂದೆ. "ಸೊಂಟದ ಎತ್ತರಕ್ಕ, ಈ ಮೂಲಿಯಿಂದ ಆ ಮೂಲಿತನ. ಬ್ಯಾರೆ ಕಡೆ ಇಲಿ ಕಾಟ ಐತಿ." ಇಲಿಯ ಮಾತು ಶುದ್ಧ ಸುಳ್ಳು.

ಕಾಕಾ ಉಳಿ ಕೆಳಗಿಟ್ಟ. "ಅಲ್ಲ ಇಂದ್ರವ್ವ, ತಲಿ ಮ್ಯಾಲ ಚೀಲ ಹೊತ್ತು ನಿಂತಾಂವನ ಮೈಮ್ಯಾಲ ಉದ್ದಕ ಒಂದು ಗೀರಾದ್ರ ಅಂವ ತಡಕೋತಾನ. ಸೊಂಟದಾಗ ಅಡ್ಡ ತಗದ್ರ? ಪಟ್ಟಂತ ಮಡಚಿ ಬೀಳ್ತಾನ. ಗ್ವಾಡೀನೂ ಹಂಗs. ಉದ್ದ ಕೊರದ್ರ ಮೂರರಾಗ ಒಂದು ಪಾಲು ಆಳ ಹೋದ್ರೂ ನಡೀತೈತಿ. ಅಡ್ಡ ಅಂದ್ರ ಒಂದೂವರಿ ಇಂಚಿಗೆ ನನ್ನ ಕೈ ನಡಗತಾವ. ನಿನ್ನ ಪೈಪಿಗೆ ಮೂರಿಂಚು ಬೇಕು."

"ನಂದೇನು ಬೀಳೂದಿಲ್ಲಲ್ಲ."

"ನಿಂದು ಬೀಳೂದಿಲ್ಲ. ಯಾರ್ದೋ ಬೀಳ್ತೈತಿ."

"ಬಿದ್ರ ನಾ ನೋಡ್ಕೋತೀನಿ. ಆರೈಕಿ ಮಾಡ್ತೀನಿ," ಎಂದೆ. ಹೇಳುವಾಗ ನನಗೆ ನಿಜಕ್ಕೂ ಸಂತೋಷವಾಗಿತ್ತು, ಯಾರನ್ನೋ ಆರೈಕೆ ಮಾಡುವ ಕನಸು. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಡಂಗುರವಾಯಿತು. ಊರೆಲ್ಲ ಪಟ್ಟಿ ಬಳಿಯಿತು. ನಾನು ಬಳಿಯಲಿಲ್ಲ, ಕೊರೆಯುವವರು ತಮ್ಮ ಗೋಡೆಗೆ ಬಳಿದುಕೊಳ್ಳುವುದಿಲ್ಲ. ತನ್ನ ಮದುವೆಗೆ ತಾನೇ ತನಗೆ ಕರೆಯೋಲೆ ಕೊಟ್ಟುಕೊಂಡ ಹಾಗಾಗುತ್ತದೆ ಎಂದು ಜನ ನಗುತ್ತಾರೆ. ಕಾಕಾ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹದಿನಾಲ್ಕು ಅಡಿ ಉದ್ದ, ಮೂರಿಂಚು ಆಳ ಕೊರೆದ. ಪೈಪು ಕೂತಿತು, ಮೇಲೆ ಗಾರೆಯ ಗಿಲಾಯಿ ಬಿತ್ತು. ನಾನು ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು, ಒಂದು ಡಬ್ಬಿ ಬೇಸನ್ ಉಂಡಿ ಮಾಡಿಟ್ಟು ಬಾಗಿಲಲ್ಲಿ ಕೂತೆ.

ಯಾರೂ ಬರಲಿಲ್ಲ. ಅಂದೂ ಇಲ್ಲ, ಮರುದಿನವೂ ಇಲ್ಲ. ಮೂರನೆಯ ದಿನ ನಾನೇ ಎದ್ದು ಮನೆ ಮನೆ ಕೇಳುತ್ತಾ ಹೊರಟೆ. "ನಿಮ್ಮ ಗ್ವಾಡಿ ಬಿರುಕ ಬಿಟ್ಟೈತೇನ್ರಿ?" "ಇಲ್ರೀ." "ಅಡಗಿ ಮನ್ಯಾಗ ನೋಡಿರೇನು?" "ನೋಡೀವ್ರಿ." ಕೆಲವರು ಪಾಪ ಎಂದರು. ಕೆಲವರ ಮುಖದಲ್ಲಿ ಸದ್ಯ ನಮ್ಮದಲ್ಲ ಎನ್ನುವ ನೆಮ್ಮದಿ ಕಂಡಿತು, ಅಂಥವರ ಜೋಳ ಮುಂದಿನ ವಾರ ಸ್ವಲ್ಪ ದಪ್ಪಗೆ ಬೀಸಿದ್ದೇನೆ. ಆದರೆ ಮೂರಿಂಚಿನ ಕೊರಕಲು ಗಾಳಿಯಲ್ಲಿ ಕರಗಿಹೋಗಲು ಸಾಧ್ಯವೇ? ಊರಿನ ಗೋಡೆಗಳಲ್ಲೂ ನನಗಾಗಿ ಬಿರಿಯುವುದು ಒಂದೂ ಇಲ್ಲವೇ? ತಲೆ ಕೆಟ್ಟುಹೋಯಿತು.

ನಾಲ್ಕನೆಯ ದಿನ ದುಂಡಪ್ಪ ಬಂದರು. ಅವರು ನಿವೃತ್ತ ಬಸ್ ಕಂಡಕ್ಟರು, ಹೆಂಡತಿ ತೀರಿಹೋದ ಮೇಲೆ ಬೇರೆ ಊರಿನಿಂದ ಬಂದು ಕೆರೆಯ ಕಡೆ ಒಂದು ಕೋಣೆಯ ಮನೆ ಕೊಂಡು ಆರು ವರ್ಷವಾಗಿತ್ತು. ಅವರ ಗೋಡೆಯೂ ಉಳಿ ಕಾಣದ್ದು. ಎರಡು ಸೇರು ಜೋಳದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಮುಖ ನೋಡದೆ, "ಇಂದ್ರವ್ವಾರ, ನಮ್ಮ ಗ್ವಾಡಿ ಬಿಟ್ಟೈತ್ರಿ," ಎಂದರು.

ನಾನು ಚಪ್ಪಲಿಯನ್ನೂ ಮೆಟ್ಟಲಿಲ್ಲ. ಕಾಕಾನನ್ನು ಕರೆದುಕೊಂಡು ಓಡಿದೆ. ಹೌದು, ಸುಣ್ಣದ ಪಟ್ಟಿಯನ್ನು ಅಡ್ಡ ಸೀಳಿಕೊಂಡು ಮೊಳದುದ್ದದ ಬಿರುಕು. ಕಾಕಾ ಅದರಲ್ಲಿ ಹೆಬ್ಬೆರಳು ಆಡಿಸಿದ, ಬೆರಳಿಗೆ ಹತ್ತಿದ ಪುಡಿ ನೋಡಿದ, ನನ್ನ ಮುಖ ನೋಡಿದ. ನಾನು ನಗುತ್ತಿದ್ದೆ. "ಹೂಂ. ಬಿಟ್ಟೈತಿ," ಎಂದು ಹೇಳಿ ಹೊರಟುಹೋದ.

ಆಮೇಲಿನಂಥ ನಾಲ್ಕು ತಿಂಗಳು ನನ್ನ ಬದುಕಿನಲ್ಲಿ ಹಿಂದೆಂದೂ ಬಂದಿರಲಿಲ್ಲ. ಪದ್ಧತಿಯಂತೆ ನಾನೇ ಸುಣ್ಣ ಮರಳು ಕಲಸಿ ಅವರ ಬಿರುಕು ತುಂಬಿದೆ. ಅವರು ಮುಂಜಾನೆ ಗಿರಣಿಗೆ ಬಂದು ಬಾಗಿಲಲ್ಲೇ ನಿಂತು, "ಒಳಗ ಸರೀರಿ, ಒಳಗ ಸರೀರಿ, ಹಿಂದ ಜಾಗಾ ಐತಿ," ಎಂದು ಡಬ್ಬಿಯವರನ್ನು ಸಾಲು ಹಚ್ಚುತ್ತಿದ್ದರು. "ಬೀಗತಿ, ಇವರದು ಟಿಕೀಟ್ ಆಗೈತೇನು?" ಎಂದು ಕೇಳುತ್ತಿದ್ದರು. ಜನ ನಗುತ್ತಿದ್ದರು, ನಕ್ಕವರು ಮಾತಾಡುತ್ತಿದ್ದರು. ಪಂಚಮಿಗೆ ಐದು ಥರದ ಉಂಡಿ ಕಳಿಸಿದೆ. ಉಂಡಿ ಬಿರುಸಾಗಿವೆ, ಗೋಡೆ ಕಟ್ಟಲು ಬರುತ್ತವೆ ಎಂದು ಅವರು ಊರೆಲ್ಲ ಹೇಳಿಕೊಂಡು ಬಂದರು. ಬೀಗರು ಬೀಗರನ್ನು ಹಾಗೆ ಆಡಿಕೊಳ್ಳಬೇಕು. ಆ ದಿನ ನಾನು ಒಲೆಯ ಮುಂದೆ ಕೂತು ಖುಷಿಗೆ ಅತ್ತಿದ್ದೇನೆ.

ಮಳೆ ಮುಗಿಯುವ ಹೊತ್ತಿಗೆ ರೊಟ್ಟಿಯಲ್ಲಿ ಕಲ್ಲು ಸಿಗುತ್ತದೆ ಎಂಬ ದೂರು ಬಂತು. ಗಿರಣಿಯ ಕಲ್ಲು ಸವೆದಿರಬೇಕೆಂದು ಕುಟ್ಟಿಸಿದೆ. ದೂರು ನಿಲ್ಲಲಿಲ್ಲ. ಒಂದು ದಿನ ಮೋಟರು ನಿಲ್ಲಿಸಿ, ಕಾಳು ಸುರಿಯುವ ಡಬ್ಬದ ಮೇಲೆ ತಲೆ ಎತ್ತಿ ನೋಡಿದರೆ ಜಂತಿಯ ಸಂದಿನಿಂದ ಮಾಳಿಗೆಯ ಮಣ್ಣು ಸಣ್ಣಗೆ ಉದುರುತ್ತಿದೆ. ಜಂತಿಗಳು ನನ್ನ ಗೋಡೆಯ ಕಡೆಗೆ ಒಂದಿಷ್ಟು ಬಾಗಿವೆ. ಗೋಡೆಯ ಮೇಲೆ ಕೈಯಾಡಿಸಿದೆ. ಸೊಂಟದ ಎತ್ತರದಲ್ಲಿ ಗಿಲಾಯಿ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಬೆರಳು ಹಚ್ಚಿದ್ದೇ ತಡ, ಉದುರಿತು. ಒಳಗೆ ಪೈಪು ಚಪ್ಪಟೆಯಾಗಿತ್ತು.

ಕಾಕಾ ದಾರಕ್ಕೆ ಗುಂಡು ಕಟ್ಟಿ ಗೋಡೆಯ ಮೇಲಿನಿಂದ ಇಳಿಬಿಟ್ಟ. ಅಡ್ಡ ಕೊರಕಲಿನ ಮೇಲಿನ ಗೋಡೆ ಎರಡು ಬೆರಳು ಒಳಗೆ ವಾಲಿತ್ತು. ಅವನು ದಾರ ಸುತ್ತಿಕೊಂಡ. ಆಮೇಲೆ, "ಗಿರಣಿ ಬಂದ್ ಮಾಡು. ಈ ಖೋಲಿಯೊಳಗ ಯಾರೂ ಬರಬಾರದು," ಎಂದ.

"ಹೆಂಗ ಕಾಕಾ? ನಂದು ದುಂಡಪ್ಪರ ಮನೀಗೆ ಹೋಗೈತಲ್ಲ?"

ಬಾಗಿಲಲ್ಲಿ ದುಂಡಪ್ಪ ನಿಂತಿದ್ದರು. "ಹೋಗಿಲ್ರಿ," ಎಂದರು. "ಅದನ್ನ ನಾನs ಕೊರದೇನಿ. ಉಳಿ ತಗೊಂಡು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕೈಗೆ ಸಿಕ್ಕ ಜಲ್ಲಡಿಯನ್ನು ಅವರತ್ತ ಎಸೆದೆ. ಅದು ತಾಗಲಿಲ್ಲ. "ಯಾಕ ಮಾಡಿದ್ರಿ?" ಎಂದು ಕೂಗಿದೆ.

"ನೀವು ಮನಿ ಮನಿ ಕೇಳ್ಕೋತ ಹೊಂಟಿದ್ರಿ. ನಮ್ಮ ಮನೀಗೂ ಬರ್ತೀರಿ, ನಾನೂ ಇಲ್ಲ ಅನ್ಬೇಕಾಗ್ತೈತಿ ಅಂತ..." ಅವರು ಬಿದ್ದ ಜಲ್ಲಡಿಯನ್ನು ಎತ್ತಿಕೊಂಡರು. "ನನಗೂ ಯಾರೂ ಇದ್ದಿಲ್ರಿ," ಎಂದರು.

ಕಾಕಾನ ಕಡೆ ತಿರುಗಿದೆ. ಅವನು ನೆಲ ನೋಡುತ್ತಿದ್ದ. "ಅದು ಆಗಷ್ಟs ಉಳಿ ಹೊಡದ ಪುಡಿ. ನನಗ ಅವತ್ತs ಗೊತ್ತಾತು," ಎಂದ. "ನೀ ನಕ್ಕಿದ್ದು ನಾ ಅವತ್ತs ಮೊದಲನೇ ಸಲ ನೋಡಿದ್ದು. ಹೇಳಾಕ ಬಾಯಿ ಬರಲಿಲ್ಲ."

ಹಾಗಾದರೆ ಇಷ್ಟೇ: ಊರಿನಲ್ಲಿ ಎಂದೂ ಆಗದ್ದು ನನಗಾಗಿದೆ. ನನ್ನ ಗೋಡೆಗೆ ನನ್ನ ಗೋಡೆಯೇ ಜೋಡಿ. ನಾನು ಕೊರೆದದ್ದು ನನಗೇ ಬಂದಿದೆ. ನನ್ನ ಗೋಡೆಗೂ ಒಂದು ಪಟ್ಟಿ ಬಳಿದಿದ್ದರೆ ಅದೇ ದಿನ ಕಾಣುತ್ತಿತ್ತು. ನಾಲ್ಕು ತಿಂಗಳು ಐವತ್ತು ಜನರನ್ನು ಆ ಗೋಡೆಯ ಕೆಳಗೆ ಸಾಲು ನಿಲ್ಲಿಸಿ ಟಿಕೀಟು ಕೇಳಿದ್ದೇವೆ. ಅಲ್ಲೇ ಕಟ್ಟೆಯ ಮೇಲೆ ಕೂತೆ.

ಆದರೆ ಕಾಕಾ ಒಮ್ಮೆಲೇ ತಲೆಯೆತ್ತಿ, "ಎಷ್ಟು ಆಳ ಕೊರದಿ?" ಎಂದು ದುಂಡಪ್ಪರನ್ನು ಕೇಳಿದ.

"ಎರಡಿಂಚು ಇರಬೇಕು. ಖರೇ ಕಾಣಲಿ ಅಂತ."

"ಅಡ್ಡ. ಎರಡಿಂಚು. ಡಂಗುರ ಇಲ್ಲದs. ಹಂಗಾದ್ರ ಅದು ಎಲ್ಲಿಗೆ ಹೋತು?"

ದುಂಡಪ್ಪ ಕೊರೆದದ್ದೂ ಯಾವುದೋ ಗೋಡೆಗೆ ಹೋಗಲೇಬೇಕಲ್ಲ. ಈ ನಾಲ್ಕು ತಿಂಗಳಲ್ಲಿ ಊರಲ್ಲಿ ಬಿರಿದದ್ದು ನನ್ನ ಗೋಡೆ ಒಂದೇ. ಒಂದು ವೇಳೆ ಅವರ ಉಳಿಯೇ ನನ್ನ ಗೋಡೆಯನ್ನು ಸೀಳಿದ್ದರೆ? ಹಾಗಿದ್ದರೆ ಅವರು ನನ್ನ ನಿಜವಾದ ಗೋಡೆ ಬೀಗರು, ಸುಳ್ಳು ಹೇಳುತ್ತೇನೆಂದು ತಿಳಿದು ನಿಜ ಹೇಳಿದವರು. ಹಾಗಿದ್ದರೆ ನನ್ನ ಕೊರಕಲಿಗೆ ಅವರ ಪಟ್ಟಿಯೂ ಮೊದಲೇ ತಾನಾಗಿ ಬಿರಿದಿರಬೇಕಿತ್ತು.

"ಕೊರಿಯೂಕಿಂತ ಮೊದಲ ಪಟ್ಟಿ ನೋಡಿದ್ದೇನು?" ಕಾಕಾ ಕೇಳಿದ.

"ಇಲ್ರಿ," ಎಂದರು ದುಂಡಪ್ಪ. "ಬಳದಿದ್ದೆ. ನೋಡಾಕ ಧೈರ್ಯ ಆಗಲಿಲ್ಲ. ಬಿಟ್ಟಿರಲಿಲ್ಲ ಅಂದ್ರ? ಅದಕ್ಕs ಅದರ ಮ್ಯಾಲ ಅರಿವಿ ಮುಚ್ಚಿ, ಅರಿವಿ ಮ್ಯಾಲಿಂದನs ಉಳಿ ಹೊಡದೆ."

ಇದ್ದ ಒಂದೇ ಸಾಕ್ಷಿಯನ್ನು ಆ ಪುಣ್ಯಾತ್ಮ ತನ್ನ ಕೈಯಾರೆ ಕೊರೆದು ಹಾಕಿದ್ದರು. ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ನಗು ಬಂತು, ಅದೂ ಸರಿಯಾಗಿ ಬರಲಿಲ್ಲ.

ಸುದ್ದಿ ಹಬ್ಬಿ ಹಿರಿಯರು ಸೇರಿದರು. ಕಟ್ಟಳೆ ಏನೋ ಸ್ಪಷ್ಟವಾಗಿತ್ತು. ಬೀಗರ ಉಳಿಯಿಂದ ಗೋಡೆ ಬಿದ್ದರೆ ಎರಡೂ ಮನೆಯವರು ಕೂಡಿ ಮತ್ತೆ ಕಟ್ಟಬೇಕು, ಕಟ್ಟುವ ತನಕ ಒಂದೇ ಒಲೆ. ತನ್ನಿಂದಲೇ ತನ್ನದು ಬಿದ್ದರೆ? ಅದಕ್ಕೆ ಕಟ್ಟಳೆಯೇ ಇರಲಿಲ್ಲ, ಯಾರಿಗೂ ಹಾಗೆ ಆಗಿರಲಿಲ್ಲ. ಕಟ್ಟಳೆ ಇಲ್ಲದ ಮೇಲೆ ಯಾರದೂ ಹೊಣೆಯಿಲ್ಲ ಎಂದರು ಕೆಲವರು. ದುಂಡಪ್ಪ ಕೈ ಮುಗಿದು, ತಪ್ಪು ತಮ್ಮ ಉಳಿಯದೇ ಎಂದು ಹಟ ಹಿಡಿದರು. ನಾನು, ಇಲ್ಲ, ಇಲಿಯ ನೆಪ ಹೇಳಿ ಅಡ್ಡ ಕೊರೆಸಿದವಳು ನಾನು, ತಪ್ಪು ನನ್ನದೇ ಎಂದೆ. ತಪ್ಪು ತನ್ನದೆಂದು ಇಬ್ಬರು ಜಗಳವಾಡುವುದನ್ನು ಹಿರಿಯರು ಹಿಂದೆ ನೋಡಿರಲಿಲ್ಲ. ಅವರಿಗೂ ತಲೆ ಕೆಟ್ಟಿತು.

ಕೊನೆಗೆ ಭರಣಿ ಒಡೆಸಿದ ಮಾಸ್ತರರು ಎದ್ದು, "ಇದಕ್ಯಾಕ ಇಷ್ಟು ಗದ್ದಲ? ದುಂಡಪ್ಪ ತನ್ನ ಗ್ವಾಡಿಗೆ ಇನ್ನೊಂದು ಏಟು ಹಾಕಲಿ. ಬೀಗರಾಗಿದ್ರ ಇಂದ್ರವ್ವನ ಗ್ವಾಡಿ ಅಲುಗತೈತಿ. ಅಲುಗಲಿಲ್ಲ, ಬೀಗರಲ್ಲ," ಎಂದರು. ಎಲ್ಲರಿಗೂ ಅದು ಸರಿಯೆನಿಸಿತು. ಎರಡು ಮನೆಗಳ ನಡುವೆ ಓಣಿ ಓಣಿಗೆ ಒಬ್ಬೊಬ್ಬರನ್ನು ನಿಲ್ಲಿಸಿದರು, ಅಲ್ಲಿನ ಮಾತು ಇಲ್ಲಿಗೆ, ಇಲ್ಲಿನದು ಅಲ್ಲಿಗೆ ಕೂಗಿ ಮುಟ್ಟಿಸಲು. ನನ್ನ ಪಾತ್ರೆ, ಹಾಸಿಗೆ, ಜೋಳದ ಚೀಲ ಎಲ್ಲ ಬೀದಿಗೆ ಬಂದವು. ನಾನು ಬೀದಿಯ ಆಚೆ ಬದಿಗೆ ನಿಂತು ನನ್ನ ಮನೆಯನ್ನು ನೋಡುತ್ತಿದ್ದೆ.

ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಯಾರಿಗೂ ಹೇಳಿಲ್ಲ, ಈಗ ಹೇಳುತ್ತೇನೆ. ಬೀಳಲಿ ಎಂದುಕೊಂಡೆ. ದೊಡ್ಡವ್ವನ ಮನೆ, ನನ್ನ ಗಿರಣಿ, ಇಪ್ಪತ್ತೆರಡು ವರ್ಷ, ಎಲ್ಲ ಧೂಳೆದ್ದು ಬೀಳಲಿ. ಬಿದ್ದರೆ ನನಗೆ ಒಬ್ಬರು ಇದ್ದಾರೆಂದು ಊರೆಲ್ಲ ಒಪ್ಪಬೇಕಾಗುತ್ತದೆ. ಮರುಕ್ಷಣ ಹೆದರಿಕೆಯಾಯಿತು. ಬೀಳದೆ ನಿಂತುಬಿಟ್ಟರೆ? ಗೋಡೆ ನಿಲ್ಲಲಿ ಎಂದು ಬೇಡಿಕೊಳ್ಳಬೇಕಾದವಳು ನಿಂತೀತೆಂದು ಹೆದರುತ್ತಿದ್ದೆ.

ಕೆರೆಯ ಕಡೆಯಿಂದ ಕೂಗು ಓಣಿ ದಾಟಿ ದಾಟಿ ಬಂತು: "ಹೊಡೀಲೇನು ಅಂತ ಕೇಳ್ತಾರ!"

ಎಲ್ಲರೂ ನನ್ನನ್ನು ನೋಡಿದರು. "ಹೊಡೀರಿ," ಎಂದೆ. ನನ್ನ ಮಾತು ಬಾಯಿಂದ ಬಾಯಿಗೆ ಹೋಗುವುದು ಕೇಳಿಸಿತು. ಹೊಡೀರಿ, ಹೊಡೀರಿ, ಹೊಡೀರಿ, ಆಮೇಲೆ ಕೇಳಿಸಲಿಲ್ಲ.

ಗೋಡೆ ಅಲುಗಲಿಲ್ಲ. ಮಾಳಿಗೆಯ ಅಂಚಿನಲ್ಲಿ ಒಂದು ಹಿಡಿ ಮಣ್ಣೂ ಉದುರಲಿಲ್ಲ. ಆಯಿತು, ಇನ್ನೇನು ಎಂದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಲಾರದೆ ಜೋಳದ ಚೀಲದ ಬಾಯಿ ಕಟ್ಟತೊಡಗಿದಳು.

ಆಗ ಮತ್ತೊಂದು ಕೂಗು ಬಂತು. "ಹೊಡದಿಲ್ಲಂತ! ಹೊಡೀವಲ್ಲರಂತ! ಸುತ್ತಿಗಿ ಒಗದು ಹೊಂಟಾರಂತ!"

ದುಂಡಪ್ಪ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ಬೇಗ ಬೇಗ ನಡೆಯುತ್ತಿದ್ದರು, ಹಿಂದೆ ಅರ್ಧ ಊರು. ಹಿರಿಯರು ಯಾಕೆ ಹೊಡೆಯಲಿಲ್ಲ ಎಂದು ಕೇಳಿದರೆ ಅವರಿಗೆ ಉತ್ತರ ಕೊಡಲಿಲ್ಲ. ನೇರ ನನ್ನ ಮುಂದೆ ಬಂದು ನಿಂತರು.

"ಹೊಡದು, ಬಿತ್ತಂದ್ರ ನಿಮ್ಮ ಮನಿ ಹೋಗ್ತೈತ್ರಿ," ಎಂದರು. "ಬೀಳಲಿಲ್ಲ ಅಂದ್ರ ನಾ ಹೋಗ್ತೀನಿ. ನನಗ ಎರಡೂ ಬ್ಯಾಡ."

ಹೇಳಲು ಸಿಟ್ಟೂ ಇತ್ತು, ಇನ್ನೇನೇನೋ ಇತ್ತು, ಯಾವುದು ಮೊದಲು ಬರಬೇಕೆಂದು ಗೊತ್ತಾಗಲಿಲ್ಲ. ಲಾಲಸಾಬ ಕಾಕಾ ಯಾರ ತೀರ್ಪಿಗೂ ಕಾಯದೆ ಮಾಳಿಗೆಗೆ ಆಸರೆ ಕೊಡಲು ಗಾಡಿಯಿಂದ ತೊಲೆ ಇಳಿಸುತ್ತಿದ್ದ. "ಒಬ್ಬರಿಂದ ಎತ್ತೂದಲ್ಲ ಇದು," ಎಂದ, ನಮ್ಮಿಬ್ಬರ ಕಡೆ ನೋಡದೆ. ದುಂಡಪ್ಪ ಹೋಗಿ ಒಂದು ತುದಿಗೆ ಹೆಗಲು ಕೊಟ್ಟರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಸಾವಕಾಶ ಬೀಗರ, ಹೊಸ್ತಿಲ ಐತಿ," ಎಂದೆ.